ದುಡಿಯುವ ಕೈ, ಮಿಡಿಯುವ ಮನ

ಹತ್ತು ಜನ ಕೂಡಿ ದುಡಿಯುವ ಎಡೆಯಲ್ಲಿ ಎರಡು ಬಗೆಯ ಜನರು ಮೇಲ್ವಿಚಾರಕನ ಕಣ್ಣಿಗೆ ಬೇಗನೆ ಬೀಳುತ್ತಾರೆ. ಒಬ್ಬನು ಕೆಲಸದಲ್ಲಿ ಉತ್ಸಾಹವಿಲ್ಲದವನು. ಅವನು ಹೊತ್ತಿಗೆ ಬರುತ್ತಾನೆ, ಹೊತ್ತಿಗೆ ಹೋಗುತ್ತಾನೆ. ನಡುವಿನ ಹೊತ್ತನ್ನು ಹೇಗೋ ನೂಕುತ್ತಾನೆ. ಇನ್ನೊಬ್ಬನು ಸದಾ ದೂರು ಹೇಳುವವನು. ಗಾಳಿ ಸಾಲದು, ಬೆಳಕು ಸಾಲದು, ಕೂಲಿ ಸಾಲದು, ಪಕ್ಕದವನು ಸರಿಯಿಲ್ಲ ಎಂಬ ಮಾತು ಅವನ ಬಾಯಲ್ಲಿ ತಪ್ಪುವುದೇ ಇಲ್ಲ. ಮೊದಲನೆಯವನಿಗೆ ಮೈಗಳ್ಳನೆಂದೂ ಎರಡನೆಯವನಿಗೆ ತಂಟೆಕೋರನೆಂದೂ ಹೆಸರಿಟ್ಟುಬಿಡುವುದು ಸುಲಭ. 'ಆಳು ಮಾಡಿದ್ದು ಹಾಳು, ಮಗ ಮಾಡಿದ್ದು ಮಧ್ಯಮ, ತಾನು ಮಾಡಿದ್ದು ಉತ್ತಮ' ಎಂಬ ಗಾದೆಯೂ ಇಂಥ ತೀರ್ಮಾನಕ್ಕೆ ಬೆಂಬಲವಾಗಿ ನಿಲ್ಲುತ್ತದೆ. ಆದರೆ ಆಳಿನ ಕೈ ಏಕೆ ತಡೆಯಿತು ಎಂಬ ಪ್ರಶ್ನೆಯನ್ನು ಗಾದೆಯು ಕೇಳುವುದಿಲ್ಲ. ಆ ಪ್ರಶ್ನೆಯನ್ನು ಕೇಳಿ, ಉತ್ತರಕ್ಕಾಗಿ ವರ್ಷಗಟ್ಟಲೆ ಹುಡುಕಾಡಿದ ಒಂದು ಪ್ರಯತ್ನ ಇಪ್ಪತ್ತನೆಯ ಶತಮಾನದ ಮೊದಲ ಭಾಗದಲ್ಲಿ ಅಮೆರಿಕದಲ್ಲಿ ನಡೆಯಿತು.

ಆ ಕಾಲದಲ್ಲಿ ಕಾರ್ಖಾನೆಗಳ ಆಡಳಿತದ ಮೇಲೆ ಫ್ರೆಡರಿಕ್ ಟೇಲರ್ ಎಂಬ ಎಂಜಿನಿಯರನ ವಿಚಾರಗಳು ಬಹಳ ಪ್ರಭಾವ ಬೀರಿದ್ದವು. ಅವನು 1911ರಲ್ಲಿ ವೈಜ್ಞಾನಿಕ ಆಡಳಿತದ ತತ್ತ್ವಗಳನ್ನು ಕುರಿತು ಒಂದು ಪುಸ್ತಕವನ್ನು ಪ್ರಕಟಿಸಿದನು. ಪ್ರತಿಯೊಂದು ಕೆಲಸವನ್ನೂ ಸಣ್ಣ ಸಣ್ಣ ಚಲನೆಗಳಾಗಿ ಬಿಡಿಸಿ, ಗಡಿಯಾರ ಹಿಡಿದು ಅಳೆದು, ಅತ್ಯುತ್ತಮವಾದ ಒಂದು ವಿಧಾನವನ್ನು ಗೊತ್ತುಮಾಡಬೇಕು. ಆ ವಿಧಾನದಂತೆ ಹೆಚ್ಚು ದುಡಿದವನಿಗೆ ಹೆಚ್ಚು ಕೂಲಿ ಕೊಡಬೇಕು ಎಂಬುದು ಅವನ ಮತ. ಇದರಿಂದ ಅನೇಕ ಕಡೆ ಉತ್ಪಾದನೆ ಹೆಚ್ಚಿದ್ದು ನಿಜ. ಆದರೆ ಗಡಿಯಾರವು ಕೈಯ ಚಲನೆಯನ್ನು ಅಳೆಯಬಲ್ಲದೇ ಹೊರತು, ಆ ಕೈಯ ಹಿಂದಿರುವ ಮನಸ್ಸನ್ನು ಅಳೆಯಲಾರದು. ಹಣದ ಆಸೆ ತೋರಿಸಿದರೂ ಕದಲದ ಕಾರ್ಮಿಕರನ್ನು ಕಂಡಾಗ ಆಡಳಿತಗಾರರು ಕೈಚೆಲ್ಲಿ ಕುಳಿತುಕೊಳ್ಳಬೇಕಾಗುತ್ತಿತ್ತು.

ಅಂಥದೊಂದು ಸಂದರ್ಭ 1923ರಲ್ಲಿ ಫಿಲಡೆಲ್ಫಿಯ ನಗರದ ಬಳಿಯ ಒಂದು ಬಟ್ಟೆ ಗಿರಣಿಯಲ್ಲಿ ಒದಗಿತು. ಆ ಗಿರಣಿಯ ಉಳಿದ ವಿಭಾಗಗಳಲ್ಲಿ ಕೆಲಸ ಬಿಟ್ಟು ಹೋಗುವವರು ವರ್ಷಕ್ಕೆ ನೂರಕ್ಕೆ ಐದಾರು ಜನ ಮಾತ್ರ. ನೂಲು ತೆಗೆಯುವ ವಿಭಾಗದಲ್ಲಿ ಮಾತ್ರ, ಸುಮಾರು ನಲವತ್ತು ಜನರನ್ನು ಕೆಲಸದಲ್ಲಿ ಉಳಿಸಿಕೊಳ್ಳಲು ವರ್ಷಕ್ಕೆ ನೂರು ಜನರನ್ನು ಹೊಸದಾಗಿ ಸೇರಿಸಿಕೊಳ್ಳಬೇಕಾಗುತ್ತಿತ್ತು. ಹೆಚ್ಚು ನೂಲಿಗೆ ಹೆಚ್ಚು ಹಣವೆಂದು ಆಡಳಿತದವರು ಹಲವು ಯೋಜನೆಗಳನ್ನು ಹೂಡಿದರು. ಒಂದೂ ಫಲಿಸಲಿಲ್ಲ. ಆಗ ಎಲ್ಟನ್ ಮೇಯೊ ಎಂಬ ವಿದ್ವಾಂಸನನ್ನು ಕರೆಸಿದರು. ಮೇಯೊ 1880ರಲ್ಲಿ ಆಸ್ಟ್ರೇಲಿಯದ ಅಡಿಲೇಡ್ ನಗರದಲ್ಲಿ ಹುಟ್ಟಿದವನು. ತತ್ತ್ವಶಾಸ್ತ್ರವನ್ನೂ ಮನಶ್ಶಾಸ್ತ್ರವನ್ನೂ ವ್ಯಾಸಂಗ ಮಾಡಿ ಅಮೆರಿಕಕ್ಕೆ ಬಂದಿದ್ದವನು.

ಮೇಯೊ ಮತ್ತು ಅವನ ಸಂಗಡಿಗರು ಮೊದಲು ಕಾರ್ಮಿಕರ ಮಾತನ್ನು ಕೇಳಿದರು. ಅವರು ಯಂತ್ರಗಳ ಸಾಲಿನ ನಡುವೆ ದಿನಕ್ಕೆ ಹತ್ತು ಗಂಟೆಗಳ ಕಾಲ ಅತ್ತಿಂದಿತ್ತ ನಡೆದಾಡುತ್ತ, ಹರಿದ ಎಳೆಗಳನ್ನು ಕೂಡಿಸುತ್ತಿದ್ದರು. ಕಾಲು ನೋವು ಅವರೆಲ್ಲರ ದೂರು. ಅದಕ್ಕಿಂತ ಹೆಚ್ಚಾಗಿ ಒಂಟಿತನ ಅವರನ್ನು ಕಾಡುತ್ತಿತ್ತು. ಯಂತ್ರದ ಸದ್ದಿನಲ್ಲಿ ಒಬ್ಬರೊಡನೊಬ್ಬರು ಮಾತನಾಡುವಂತಿರಲಿಲ್ಲ. ದಿನದ ಕೊನೆಗೆ ಮಾತನಾಡುವ ತ್ರಾಣವೂ ಉಳಿಯುತ್ತಿರಲಿಲ್ಲ. ಅವರ ಮನಸ್ಸನ್ನು ಮಂಕು ಕವಿದಿತ್ತು. ಬೆಳಗ್ಗೆ ಎರಡು ಸಲ, ಮಧ್ಯಾಹ್ನ ಎರಡು ಸಲ, ಹತ್ತು ಹತ್ತು ನಿಮಿಷಗಳ ಬಿಡುವನ್ನು ಕೊಡಬೇಕೆಂದು ಮೇಯೊ ಸೂಚಿಸಿದನು. ಬಿಡುವಿನಲ್ಲಿ ಅವರು ಮಲಗಿ ವಿಶ್ರಮಿಸಬಹುದಾಗಿತ್ತು. ಮೊದಲು ಮೂರನೆಯ ಒಂದು ಭಾಗದ ಜನರಿಗೆ ಮಾತ್ರ ಬಿಡುವು ದೊರೆಯಿತು. ಆದರೂ ಇಡೀ ವಿಭಾಗದ ಉತ್ಸಾಹ ಹೆಚ್ಚಿತು. ತಮ್ಮ ಕಷ್ಟವನ್ನು ಯಾರೋ ಗಮನಿಸಿದ್ದಾರೆ ಎಂಬ ಭಾವನೆಯೇ ಉಳಿದವರಿಗೂ ಹುರುಪು ತಂದಿತು. ನಡುವೆ ಅವಸರದ ಬೇಡಿಕೆಯೊಂದು ಬಂದಾಗ ಮೇಲ್ವಿಚಾರಕನು ಬಿಡುವನ್ನು ರದ್ದುಮಾಡಿದನು. ಕೆಲವೇ ದಿನಗಳಲ್ಲಿ ಉತ್ಪಾದನೆ ಕುಸಿಯಿತು. ಬಿಡುವನ್ನು ಮರಳಿ ಕೊಟ್ಟಾಗ ಚೇತರಿಸಿಕೊಂಡಿತು. ಕೆಲಸ ಬಿಟ್ಟು ಹೋಗುವವರ ಸಂಖ್ಯೆ ಉಳಿದ ವಿಭಾಗಗಳ ಮಟ್ಟಕ್ಕೆ ಇಳಿಯಿತು. ನಿನ್ನೆಯವರೆಗೆ ಮೈಗಳ್ಳರೆನಿಸಿದ್ದವರು ನಿಜವಾಗಿ ದಣಿದವರಾಗಿದ್ದರು.

ಇದೇ ಕಾಲದಲ್ಲಿ ಷಿಕಾಗೋ ನಗರದ ಪಕ್ಕದ ಸಿಸರೊ ಎಂಬಲ್ಲಿ ಇನ್ನೂ ದೊಡ್ಡ ಪ್ರಯೋಗವೊಂದು ಆರಂಭವಾಗಿತ್ತು. ಅಲ್ಲಿ ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿಯ ಹಾಥಾರ್ನ್ ಕಾರ್ಖಾನೆಯಿತ್ತು. ಅಮೆರಿಕದ ದೂರವಾಣಿ ವ್ಯವಸ್ಥೆಗೆ ಬೇಕಾದ ಉಪಕರಣಗಳು ಅಲ್ಲಿ ತಯಾರಾಗುತ್ತಿದ್ದವು. ಏಳಿಗೆಯ ದಿನಗಳಲ್ಲಿ ಸುಮಾರು 40,000 ಜನರು ಅಲ್ಲಿ ದುಡಿಯುತ್ತಿದ್ದರು. ಬೆಳಕು ಹೆಚ್ಚಿದರೆ ಕೆಲಸ ಹೆಚ್ಚುವುದೇ ಎಂದು ತಿಳಿಯಲು 1924ರಲ್ಲಿ ಅಲ್ಲಿ ಪರೀಕ್ಷೆಗಳು ಮೊದಲಾದವು. ಬೆಳಕನ್ನು ಹೆಚ್ಚಿಸಿದಾಗ ಕೆಲಸ ಹೆಚ್ಚಿತು. ಆದರೆ ಬೆಳಕನ್ನು ಹೆಚ್ಚಿಸದೆ, ಹೋಲಿಕೆಗಾಗಿ ಬೇರೆ ಇರಿಸಿದ್ದ ಗುಂಪಿನಲ್ಲೂ ಕೆಲಸ ಹೆಚ್ಚಿತು. ಕೊನೆಗೆ ಬೆಳಕನ್ನು ಬೆಳದಿಂಗಳಷ್ಟಕ್ಕೆ ಇಳಿಸಿದಾಗಲೂ ಇಬ್ಬರು ಕಾರ್ಮಿಕರು ತಮ್ಮ ಕೆಲಸವನ್ನು ಕುಂದಿಲ್ಲದೆ ನಡೆಸಿದರು. ಪರೀಕ್ಷಕರು ಬೆರಗಾದರು. ಅವರ ಲೆಕ್ಕಕ್ಕೆ ಸಿಗದ ಯಾವುದೋ ಒಂದು ಅಂಶ ಅಲ್ಲಿ ಕೆಲಸ ಮಾಡುತ್ತಿತ್ತು.

ಅದನ್ನು ಹುಡುಕಲು 1927ರ ಏಪ್ರಿಲ್ ತಿಂಗಳಲ್ಲಿ ಆರು ಮಂದಿ ಯುವತಿಯರನ್ನು ಪ್ರತ್ಯೇಕ ಕೋಣೆಯೊಂದರಲ್ಲಿ ಕೂರಿಸಿದರು. ಐವರು ರಿಲೇ ಎಂಬ ವಿದ್ಯುತ್ ಸಾಧನವನ್ನು ಜೋಡಿಸುವವರು. ಒಬ್ಬಳು ಅವರಿಗೆ ಬಿಡಿಭಾಗಗಳನ್ನು ಒದಗಿಸುವವಳು. ಸುಮಾರು 35 ಬಿಡಿಭಾಗಗಳನ್ನು ಕೂಡಿಸಿ ಒಂದು ರಿಲೇ ಮಾಡಲು ಒಂದು ನಿಮಿಷ ಹಿಡಿಯುತ್ತಿತ್ತು. ಕೂಲಿಯ ಲೆಕ್ಕವನ್ನು ಆ ಸಣ್ಣ ಗುಂಪಿಗೇ ಪ್ರತ್ಯೇಕವಾಗಿಸಿದರು. ಬಳಿಕ ಬಿಡುವು ಕೊಟ್ಟರು, ಬಿಡುವನ್ನು ಹೆಚ್ಚಿಸಿದರು, ಉಪಾಹಾರ ಕೊಟ್ಟರು, ಅರ್ಧ ಗಂಟೆ ಮೊದಲೇ ಮನೆಗೆ ಕಳುಹಿಸಿದರು, ಶನಿವಾರ ರಜೆ ಕೊಟ್ಟರು. ಪ್ರತಿಯೊಂದು ಬದಲಾವಣೆಗೂ ಮುನ್ನ ಆ ಹುಡುಗಿಯರ ಅಭಿಪ್ರಾಯವನ್ನು ಕೇಳಿದರು. ದಿನಕ್ಕೆ ಆರು ಸಲ ಐದೈದು ನಿಮಿಷಗಳ ಬಿಡುವು ಕೊಟ್ಟಾಗ, ಕೆಲಸದ ಓಟ ಪದೇ ಪದೇ ಕಡಿದುಹೋಗುತ್ತದೆ ಎಂದು ಅವರು ದೂರಿದರು; ಉತ್ಪಾದನೆಯೂ ಸ್ವಲ್ಪ ಇಳಿಯಿತು. ಅವರ ದೂರಿನಲ್ಲಿ ಸತ್ಯವಿದ್ದುದರಿಂದ ಆ ಕ್ರಮವನ್ನು ಕೈಬಿಟ್ಟರು. ಕೊನೆಗೊಮ್ಮೆ ಎಲ್ಲ ಸೌಲಭ್ಯಗಳನ್ನೂ ಹಿಂದೆಗೆದುಕೊಂಡು, ವಾರಕ್ಕೆ 48 ಗಂಟೆಗಳ ಹಳೆಯ ಕ್ರಮಕ್ಕೇ ಮರಳಿದರು. ಉತ್ಪಾದನೆ ಹಳೆಯ ಮಟ್ಟಕ್ಕೆ ಬೀಳಬೇಕಾಗಿತ್ತು. ಆದರೆ ಮೊದಲು ವಾರಕ್ಕೆ ತಲಾ ಸುಮಾರು 2,400 ರಿಲೇಗಳನ್ನು ಜೋಡಿಸುತ್ತಿದ್ದ ಅವರು ಈಗ ಸುಮಾರು 3,000ದಷ್ಟು ಜೋಡಿಸುತ್ತಿದ್ದರು.

ಈ ಕಥೆಯ ನಡುವೆ ಮರೆಯಬಾರದ ಒಂದು ಘಟನೆಯಿದೆ. ಮೊದಲ ಐವರಲ್ಲಿ ಇಬ್ಬರು ಕೆಲಸದ ವೇಳೆಯಲ್ಲಿ ಹೆಚ್ಚು ಮಾತನಾಡುತ್ತಾರೆ, ಸಹಕರಿಸುವುದಿಲ್ಲ ಎಂಬ ಆಕ್ಷೇಪಣೆ ಬಂದಿತು. ಅವರಿಗೆ ಮತ್ತೆ ಮತ್ತೆ ಎಚ್ಚರಿಕೆ ಕೊಟ್ಟರು. ಕೊನೆಗೆ 1928ರ ಜನವರಿಯಲ್ಲಿ ಅವರನ್ನು ಕೋಣೆಯಿಂದ ಹೊರಗೆ ಕಳುಹಿಸಿ, ಬೇರೆ ಇಬ್ಬರನ್ನು ತಂದು ಕೂರಿಸಿದರು. ಹೊಸಬರಲ್ಲಿ ಒಬ್ಬಳು ಬಹು ಚುರುಕಿನವಳು. ಬೇಗನೆ ಅವಳೇ ಗುಂಪಿಗೆ ಮುಂದಾಳಾದಳು. ಅನಂತರ ಉತ್ಪಾದನೆ ಏರಿತು. ಮನಸ್ಸನ್ನು ಅರಿಯಲೆಂದು ಕಟ್ಟಿದ ಕೋಣೆಯಲ್ಲೇ ಗೊಣಗುವ ಇಬ್ಬರ ಮನಸ್ಸನ್ನು ಅರಿಯುವ ಬದಲು ಅವರನ್ನು ಹೊರಗೆ ಹಾಕಿದ್ದು ಒಂದು ವಿಪರ್ಯಾಸ. ಪ್ರಯೋಗದ ಫಲವನ್ನು ತೂಗಿ ನೋಡುವವರು ಈ ಸಂಗತಿಯನ್ನು ತಕ್ಕಡಿಯಲ್ಲಿ ಇಡಲೇಬೇಕು.

ಮೇಯೊ 1928ರಲ್ಲಿ ಹಾಥಾರ್ನ್‌ಗೆ ಬಂದನು. ಅವನು ಆಗ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕನಾಗಿದ್ದನು. ಅದೇ ವರ್ಷ ಕಾರ್ಖಾನೆಯವರು ಮತ್ತೊಂದು ದೊಡ್ಡ ಕೆಲಸಕ್ಕೆ ಕೈಹಾಕಿದರು. ಕಾರ್ಮಿಕರ ದೂರುಗಳನ್ನು ಅವರ ಬಾಯಿಂದಲೇ ಕೇಳಿ ಬರೆದುಕೊಳ್ಳುವುದೇ ಆ ಕೆಲಸ. 1930ರ ವೇಳೆಗೆ 21,000ಕ್ಕಿಂತ ಹೆಚ್ಚು ಕಾರ್ಮಿಕರ ಸಂದರ್ಶನ ನಡೆದಿತ್ತು. ಮೊದಮೊದಲು ಸಂದರ್ಶಕರು ಪ್ರಶ್ನೆಗಳ ಪಟ್ಟಿಯನ್ನು ಹಿಡಿದು ಕುಳಿತರು. ಬೆಳಕು ಹೇಗಿದೆ, ಮೇಲ್ವಿಚಾರಕನು ಹೇಗಿದ್ದಾನೆ ಎಂದು ಒಂದೊಂದಾಗಿ ಕೇಳಿದರು. ಕಾರ್ಮಿಕರು ಕೇಳಿದ್ದಕ್ಕೆ ಚುಟುಕಾಗಿ ಉತ್ತರಿಸಿ, ಮತ್ತೆ ತಮ್ಮ ಮನಸ್ಸಿನಲ್ಲಿದ್ದ ಬೇರೆ ಯಾವುದೋ ವಿಷಯಕ್ಕೆ ಹೊರಳುತ್ತಿದ್ದರು. ಆಗ ಸಂದರ್ಶಕರು ಪಟ್ಟಿಯನ್ನು ಪಕ್ಕಕ್ಕಿಟ್ಟರು. ಮಾತನಾಡುವವನು ತನಗೆ ಮುಖ್ಯವೆನಿಸಿದ್ದನ್ನು ಹೇಳಲಿ; ಕೇಳುವವನು ನಡುವೆ ಬಾಯಿ ಹಾಕಬಾರದು, ವಾದಿಸಬಾರದು, ಬುದ್ಧಿವಾದ ಹೇಳಬಾರದು ಎಂಬ ನಿಯಮಗಳಾದವು. ಅರ್ಧ ಗಂಟೆಯಲ್ಲಿ ಮುಗಿಯುತ್ತಿದ್ದ ಸಂದರ್ಶನ ಒಂದೂವರೆ ಗಂಟೆಗೆ ಬೆಳೆಯಿತು.

ಹೀಗೆ ಕೇಳಿದಾಗ ಹಲವು ಸಂಗತಿಗಳು ಬೆಳಕಿಗೆ ಬಂದವು. ತನ್ನ ಕೆಲಸಕ್ಕೆ ಗೊತ್ತುಮಾಡಿದ ಕೂಲಿ ತೀರ ಕಡಿಮೆಯೆಂದು ಒಬ್ಬ ಕಾರ್ಮಿಕನು ಕಟುವಾಗಿ ದೂರಿದನು. ಅವನನ್ನು ತಡೆಯದೆ ಕೇಳುತ್ತ ಹೋದಂತೆ, ಅವನ ಹೆಂಡತಿ ಆಸ್ಪತ್ರೆಯಲ್ಲಿರುವಳೆಂದೂ ವೈದ್ಯರ ಸಾಲ ತೀರಿಸುವ ಚಿಂತೆ ಅವನನ್ನು ಕೊರೆಯುತ್ತಿದೆಯೆಂದೂ ತಿಳಿಯಿತು. ಕೂಲಿಯ ದರ ನಿನ್ನೆ ಮೊನ್ನೆ ಬದಲಾದುದಲ್ಲ. ಅವನ ಸಂಸಾರದ ಹೊರೆ ಬದಲಾಗಿತ್ತು. ಮತ್ತೊಬ್ಬ ಯುವತಿಗೆ ತನ್ನ ಮೇಲ್ವಿಚಾರಕನನ್ನು ಕಂಡರೆ ಆಗುತ್ತಿರಲಿಲ್ಲ. ಅವನೂ ಅವಳನ್ನು ಸಂಭಾಳಿಸುವುದು ಕಷ್ಟವೆಂದು ಹೇಳಿದ್ದನು. ಮಾತನಾಡುತ್ತ ಮಾತನಾಡುತ್ತ, ತಾನು ದ್ವೇಷಿಸುವ ಮಲತಂದೆಯ ಹೋಲಿಕೆಯನ್ನು ಆ ಮೇಲ್ವಿಚಾರಕನಲ್ಲಿ ಕಾಣುತ್ತಿದ್ದೇನೆಂಬುದು ಅವಳಿಗೇ ಹೊಳೆಯಿತು. ಇನ್ನೊಬ್ಬಳು ಕಾರ್ಖಾನೆಯ ಊಟದ ಮನೆಯ ಅಡುಗೆಯನ್ನು ಬಹಳ ಹೊತ್ತು ಹಳಿದಳು. ಕೆಲವು ದಿನಗಳ ಮೇಲೆ ಅವಳು ಸಂದರ್ಶಕನನ್ನು ಕಂಡು, ಅವನು ಮೇಲಿನವರಿಗೆ ಹೇಳಿದ್ದರಿಂದ ಅಡುಗೆ ಎಷ್ಟೋ ಸುಧಾರಿಸಿತೆಂದು ಕೃತಜ್ಞತೆ ಹೇಳಿದಳು. ವಾಸ್ತವವಾಗಿ ಅಡುಗೆಯಲ್ಲಿ ಯಾವ ಬದಲಾವಣೆಯೂ ಆಗಿರಲಿಲ್ಲ!

ಈ ಸಂದರ್ಶನಗಳನ್ನು ಪರಿಶೀಲಿಸಿದ ಫ್ರಿಟ್ಜ್ ರೋತ್ಲಿಸ್‌ಬರ್ಗರ್ ಮತ್ತು ವಿಲಿಯಂ ಡಿಕ್ಸನ್ ಅವರು 1939ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ದೂರುಗಳನ್ನು ಮೂರು ಬಗೆಯಾಗಿ ವಿಂಗಡಿಸಿದರು. 'ಈ ಯಂತ್ರ ಕೆಟ್ಟಿದೆ' ಎಂಬುದು ಮೊದಲನೆಯ ಬಗೆ. ಯಾರು ಬೇಕಾದರೂ ಹೋಗಿ ನೋಡಿ ನಿಜವೋ ಸುಳ್ಳೋ ಹೇಳಬಹುದು. 'ಈ ಕೋಣೆಯಲ್ಲಿ ಸೆಕೆ' ಎಂಬುದು ಎರಡನೆಯ ಬಗೆ. ಒಬ್ಬನಿಗೆ ಸೆಕೆಯಾದದ್ದು ಇನ್ನೊಬ್ಬನಿಗೆ ಹಿತವಾಗಿರಬಹುದು. 'ಇಲ್ಲಿ ಯೋಗ್ಯತೆಗೆ ಬೆಲೆಯಿಲ್ಲ' ಎಂಬುದು ಮೂರನೆಯ ಬಗೆ. ಇದನ್ನು ಕಣ್ಣಿನಿಂದ ನೋಡಿ ತಿಳಿಯುವಂತಿಲ್ಲ. ಇದರೊಳಗೆ ಹೇಳುವವನ ಆಸೆ, ಭಯ, ಅವಮಾನ, ಹಿಂದಿನ ನೆನಪು ಎಲ್ಲವೂ ಹೆಣೆದುಕೊಂಡಿರುತ್ತವೆ. ಕೆಟ್ಟ ಯಂತ್ರಕ್ಕೆ ಬೇಕಾದುದು ದುರಸ್ತಿ. ನೊಂದ ಮನಸ್ಸಿಗೆ ಬೇಕಾದುದು ಮೊದಲು ಕೇಳುವ ಕಿವಿ. ಒಂದಕ್ಕೆ ಬೇಕಾದ ಮದ್ದನ್ನು ಇನ್ನೊಂದಕ್ಕೆ ಕೊಟ್ಟರೆ ರೋಗ ವಾಸಿಯಾಗುವುದಿಲ್ಲ. ಕೆಟ್ಟ ಯಂತ್ರದ ಮುಂದೆ ನಿಂತವನಿಗೆ ಸಮಾಧಾನದ ಮಾತು ಹೇಳುವುದು ಎಷ್ಟು ತಪ್ಪೋ, ನೊಂದವನಿಗೆ ನಿಯಮಾವಳಿಯನ್ನು ಓದಿ ಹೇಳುವುದೂ ಅಷ್ಟೇ ತಪ್ಪು.

ದೂರುವವರ ವಿಷಯ ಹೀಗಾದರೆ, ಉತ್ಸಾಹವಿಲ್ಲದವರ ವಿಷಯ ಮತ್ತೊಂದು ಕೋಣೆಯಲ್ಲಿ ತಿಳಿದುಬಂದಿತು. 1931ರ ನವೆಂಬರ್‌ನಿಂದ 1932ರ ಮೇವರೆಗೆ 14 ಮಂದಿ ಗಂಡಸರ ಗುಂಪೊಂದನ್ನು ಅವರ ಕೆಲಸದಲ್ಲಿ ಅಡ್ಡಿ ಮಾಡದೆ ಗಮನಿಸಿದರು. ಒಂಬತ್ತು ಜನ ತಂತಿ ಕಟ್ಟುವವರು, ಮೂವರು ಬೆಸುಗೆ ಹಾಕುವವರು, ಇಬ್ಬರು ತಪಾಸಣೆ ಮಾಡುವವರು. ಗುಂಪು ಹೆಚ್ಚು ದುಡಿದಷ್ಟೂ ಎಲ್ಲರಿಗೂ ಹೆಚ್ಚು ಹಣ ಎಂಬ ಏರ್ಪಾಡಿತ್ತು. ಕಂಪನಿಯು ದಿನಕ್ಕೆ ಸುಮಾರು 7,300 ಜೋಡಣೆಗಳನ್ನು ಗುರಿಯಾಗಿಟ್ಟಿತ್ತು. ಕಾರ್ಮಿಕರು ಮಾತ್ರ ದಿನಕ್ಕೆ 6,600ರ ಸುಮಾರಿಗೆ ನಿಲ್ಲಿಸುತ್ತಿದ್ದರು. ಅದಕ್ಕಿಂತ ಮುಂದೆ ಹೋದವನನ್ನು ಜೊತೆಯವರು ಅಡ್ಡಹೆಸರಿಟ್ಟು ಹಾಸ್ಯ ಮಾಡುತ್ತಿದ್ದರು. ತೋಳಿಗೆ ಗುದ್ದಿ ಎಚ್ಚರಿಸುತ್ತಿದ್ದರು. ಬಹಳ ಹಿಂದೆ ಬಿದ್ದವನನ್ನೂ ಅವರು ಸಹಿಸುತ್ತಿರಲಿಲ್ಲ. ಜೊತೆಗಾರನ ಮೇಲೆ ಮೇಲಿನವರಿಗೆ ಚಾಡಿ ಹೇಳುವವನಂತೂ ಅವರ ಪಾಲಿಗೆ ದ್ರೋಹಿಯಾಗಿದ್ದನು.

ಇದಕ್ಕೆ ಕಾರಣ ಸೋಮಾರಿತನವಲ್ಲ. ಹೆಚ್ಚು ದುಡಿದು ತೋರಿಸಿದರೆ ನಾಳೆ ಕೂಲಿಯ ದರವನ್ನು ಇಳಿಸಬಹುದು, ನಿಧಾನವಾಗಿ ದುಡಿಯುವ ಸಂಗಡಿಗರನ್ನು ಕೆಲಸದಿಂದ ತೆಗೆಯಬಹುದು ಎಂಬ ಭಯ ಅವರಲ್ಲಿತ್ತು. ಆಗ ಅಮೆರಿಕವು ಮಹಾ ಆರ್ಥಿಕ ಮುಗ್ಗಟ್ಟಿನಲ್ಲಿ ಸಿಲುಕಿತ್ತು. ಹಾಥಾರ್ನ್‌ನಲ್ಲೇ ಸಾವಿರಾರು ಜನರು ಕೆಲಸ ಕಳೆದುಕೊಳ್ಳುತ್ತಿದ್ದರು. ಕೊನೆಗೆ ಈ ಕೋಣೆಯನ್ನು ಮುಚ್ಚಿದ್ದೂ ಕೆಲಸದ ಅಭಾವದಿಂದಲೇ. ಇನ್ನೂ ವಿಚಿತ್ರವಾದುದು ಮತ್ತೊಂದು ಸಂಗತಿ. ಗುಂಪಿನಲ್ಲಿ ಎಲ್ಲರಿಗಿಂತ ಕಡಿಮೆ ಕೆಲಸ ಮಾಡುತ್ತಿದ್ದವನು ಬುದ್ಧಿಶಕ್ತಿಯ ಪರೀಕ್ಷೆಯಲ್ಲಿ ಎಲ್ಲರಿಗಿಂತ ಮೊದಲಿಗನಾಗಿದ್ದನು, ಕೈಚಳಕದಲ್ಲಿ ಮೂರನೆಯವನಾಗಿದ್ದನು. ಎಲ್ಲರಿಗಿಂತ ಹೆಚ್ಚು ಕೆಲಸ ಮಾಡುತ್ತಿದ್ದವನು ಬುದ್ಧಿಶಕ್ತಿಯಲ್ಲಿ ಕಡೆಯವನು. ಹಿಂದೆ ಬಿದ್ದವನಿಗೆ ಶಕ್ತಿಯಿಲ್ಲವೆಂದು ತಿಳಿಯುವುದು ಎಷ್ಟು ದೊಡ್ಡ ತಪ್ಪಾಗಬಹುದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಹಾಥಾರ್ನ್ ಪ್ರಯೋಗಗಳು ಜಗತ್ತಿನಲ್ಲೆಲ್ಲ ಪ್ರಸಿದ್ಧವಾದವು. ತಮ್ಮನ್ನು ಯಾರೋ ಗಮನಿಸುತ್ತಿದ್ದಾರೆ ಎಂದು ತಿಳಿದಾಗ ಜನರ ನಡವಳಿಕೆ ಬದಲಾಗುವುದಕ್ಕೆ 'ಹಾಥಾರ್ನ್ ಪರಿಣಾಮ' ಎಂಬ ಹೆಸರು 1950ರ ದಶಕದಲ್ಲಿ ಬಳಕೆಗೆ ಬಂದಿತು. ಆದರೆ ಪ್ರಸಿದ್ಧವಾದುದೆಲ್ಲ ಪ್ರಶ್ನಾತೀತವಲ್ಲ. 1967ರಲ್ಲಿ ಅಲೆಕ್ಸ್ ಕ್ಯಾರಿ ಎಂಬ ವಿದ್ವಾಂಸನು, ಕೂಲಿಯ ಹೆಚ್ಚಳವನ್ನೂ ಶಿಸ್ತಿನ ಕ್ರಮವನ್ನೂ ಮರೆಮಾಡಿ, ಎಲ್ಲ ಫಲವೂ ಸ್ನೇಹಭಾವದಿಂದಲೇ ಆಯಿತೆಂದು ಹೇಳುವುದು ಸರಿಯಲ್ಲವೆಂದು ಆಕ್ಷೇಪಿಸಿದನು. 1978ರಲ್ಲಿ ರಿಚರ್ಡ್ ಫ್ರಾಂಕ್ ಮತ್ತು ಜೇಮ್ಸ್ ಕೌಲ್ ಹಳೆಯ ಅಂಕಿಅಂಶಗಳನ್ನು ಮತ್ತೆ ಲೆಕ್ಕ ಹಾಕಿದರು; ಇಬ್ಬರನ್ನು ಬದಲಾಯಿಸಿದ್ದು, ಆರ್ಥಿಕ ಮುಗ್ಗಟ್ಟಿನ ಭಯ ಮೊದಲಾದವೇ ಉತ್ಪಾದನೆಯ ಏರಿಕೆಯ ಬಹುಪಾಲಿಗೆ ಕಾರಣವೆಂದು ತೋರಿಸಿದರು. 2011ರಲ್ಲಿ ಸ್ಟೀವನ್ ಲೆವಿಟ್ ಮತ್ತು ಜಾನ್ ಲಿಸ್ಟ್ ಬೆಳಕಿನ ಪರೀಕ್ಷೆಯ ಮೂಲ ಅಂಕಿಗಳನ್ನು ಹುಡುಕಿ ತೆಗೆದು ನೋಡಿದಾಗ, ಜನಜನಿತವಾಗಿದ್ದ ಕಥೆಯಷ್ಟು ದೊಡ್ಡ ಪರಿಣಾಮ ಅಲ್ಲಿ ಕಾಣಲಿಲ್ಲ.

ಈ ಟೀಕೆಗಳಿಂದ ಎರಡು ಎಚ್ಚರಿಕೆಗಳು ದೊರೆಯುತ್ತವೆ. ಪ್ರೀತಿಯ ಮಾತು ನ್ಯಾಯವಾದ ಕೂಲಿಗೆ ಬದಲಿಯಲ್ಲ. ಹೊಟ್ಟೆ ತುಂಬದವನಿಗೆ ಹೊಗಳಿಕೆಯಿಂದ ಉತ್ಸಾಹ ಬಾರದು. ಹಾಗೆಯೇ, ದೂರನ್ನು ಕೇಳುವುದು ದೂರನ್ನು ಆರಿಸುವ ಉಪಾಯವಾಗಬಾರದು. ಊಟದ ಮನೆಯ ಅಡುಗೆಯನ್ನು ಹಳಿದ ಆ ಹೆಂಗಸಿಗೆ ಮನಸ್ಸು ಹಗುರಾಯಿತು, ನಿಜ. ಆದರೆ ಅಡುಗೆ ನಿಜವಾಗಿ ಕೆಟ್ಟಿದ್ದರೆ ಅವಳ ಮನಸ್ಸನ್ನು ಹಗುರ ಮಾಡಿದ್ದರಿಂದ ಅಡುಗೆಯವನ ಕರ್ತವ್ಯ ಮುಗಿಯಲಿಲ್ಲ. ಕಿವಿಗೊಡುವುದು ಮೊದಲ ಹೆಜ್ಜೆ. ಕೈಲಾದುದನ್ನು ಸರಿಪಡಿಸುವುದು ಎರಡನೆಯ ಹೆಜ್ಜೆ. ಎರಡನೆಯ ಹೆಜ್ಜೆಯಿಡದವನು ಮೊದಲನೆಯದನ್ನು ಇಟ್ಟರೂ ವ್ಯರ್ಥ.

ಭಾರತದಲ್ಲಿಯೂ ಇಂಥ ಪ್ರಯತ್ನ ನಡೆದಿದೆ. ಅಹಮದಾಬಾದಿನ ಕ್ಯಾಲಿಕೊ ಗಿರಣಿಯಲ್ಲಿ ಹೊಸ ಸ್ವಯಂಚಾಲಿತ ಮಗ್ಗಗಳನ್ನು ಹೂಡಿದರೂ ನಿರೀಕ್ಷಿಸಿದಷ್ಟು ಬಟ್ಟೆ ಬರಲಿಲ್ಲ. 1953ರಲ್ಲಿ ಲಂಡನ್ನಿನ ಟ್ಯಾವಿಸ್ಟಾಕ್ ಸಂಸ್ಥೆಯ ಎ. ಕೆ. ರೈಸ್ ಅದನ್ನು ಪರಿಶೀಲಿಸಿದನು. ಒಬ್ಬನು ನೇಯುವವನು, ಒಬ್ಬನು ನೂಲು ತುಂಬುವವನು, ಒಬ್ಬನು ಎಣ್ಣೆ ಹಾಕುವವನು. ಹೀಗೆ ಕೆಲಸವನ್ನು ಚೂರು ಚೂರಾಗಿ ಹಂಚಿದ್ದರು. ಯಾವ ಮಗ್ಗವೂ ಯಾರದೂ ಆಗಿರಲಿಲ್ಲ. ಯಾರೊಬ್ಬರೂ ಮತ್ತೊಬ್ಬರ ಸಂಗಡಿಗರಾಗಿರಲಿಲ್ಲ. ಸಣ್ಣ ಗುಂಪುಗಳನ್ನು ಕಟ್ಟಿ, ಒಂದೊಂದು ಗುಂಪಿಗೆ ಕೆಲವು ಮಗ್ಗಗಳ ಪೂರ್ತಿ ಹೊಣೆಯನ್ನು ಒಪ್ಪಿಸಬಹುದೆಂಬ ವಿಚಾರವನ್ನು ಮುಂದಿಟ್ಟಾಗ, ಕಾರ್ಮಿಕರೇ ಮುಂದೆ ಬಂದು ತಮ್ಮ ತಮ್ಮ ಗುಂಪುಗಳನ್ನು ರಚಿಸಿಕೊಂಡರು. ಮೊದಲಲ್ಲಿ ತೊಡಕುಗಳು ಬಂದರೂ, ಕೊನೆಗೆ ಉತ್ಪಾದನೆ ಹೆಚ್ಚಿತು. ಹಾಳಾಗುವ ಬಟ್ಟೆಯ ಪ್ರಮಾಣ ಇಳಿಯಿತು. ಅದಕ್ಕೂ ಹಿಂದೆ, 1947ರ ಕೈಗಾರಿಕಾ ವಿವಾದಗಳ ಕಾಯಿದೆಯು ನೂರು ಅಥವಾ ಅದಕ್ಕಿಂತ ಹೆಚ್ಚು ಕಾರ್ಮಿಕರಿರುವ ಎಡೆಗಳಲ್ಲಿ, ಮಾಲೀಕರ ಮತ್ತು ಕಾರ್ಮಿಕರ ಪ್ರತಿನಿಧಿಗಳು ಸಮವಾಗಿ ಕುಳಿತು ಮಾತನಾಡುವ ಸಮಿತಿಗಳಿಗೆ ಅವಕಾಶ ಕಲ್ಪಿಸಿತ್ತು. ದೂರು ಹೇಳುವುದು ಅಪರಾಧವಲ್ಲ, ಅದಕ್ಕೊಂದು ಗೌರವದ ದಾರಿ ಇರಬೇಕು ಎಂಬುದೇ ಅದರ ಆಶಯ.

ಈ ಎಲ್ಲ ಅನುಭವಗಳ ಸಾರವೇನು? ಉತ್ಸಾಹವಿಲ್ಲದವನನ್ನು ಕಂಡಾಗ ಹೊಣೆಯರಿತ ಮೇಲ್ವಿಚಾರಕನು ಕೂಡಲೇ ತೀರ್ಪು ಕೊಡುವುದಿಲ್ಲ. ಇವನಿಗೆ ಕೆಲಸ ಗೊತ್ತಿಲ್ಲವೇ? ಗೊತ್ತಿದ್ದರೂ ದೇಹಕ್ಕೆ ಶಕ್ತಿ ಸಾಲದೇ? ಸರಿಯಾದ ಸಲಕರಣೆಯಿಲ್ಲವೇ? ದುಡಿದುದಕ್ಕೆ ತಕ್ಕ ಫಲವಿಲ್ಲವೇ? ಮನೆಯಲ್ಲಿ ಸಂಕಟವಿದೆಯೇ? ಮುಂದೆ ಹೋದರೆ ಜೊತೆಯವರು ಮುನಿಯುವರೆಂಬ ಭಯವಿದೆಯೇ? ಹೀಗೆ ಒಂದೊಂದಾಗಿ ವಿಚಾರಿಸುತ್ತಾನೆ. ಕೆಲಸ ತಿಳಿಯದವನಿಗೆ ಕಲಿಸುವುದು, ದಣಿದವನಿಗೆ ಬಿಡುವು ಕೊಡುವುದು, ಅಂಜಿದವನಿಗೆ ಭರವಸೆ ಕೊಟ್ಟು ಆ ಭರವಸೆಯನ್ನು ಉಳಿಸಿಕೊಳ್ಳುವುದು ಅವನ ಕರ್ತವ್ಯ. ಇವೆಲ್ಲವನ್ನೂ ಮಾಡಿದ ಮೇಲೂ ಕೆಲಸ ಮಾಡದವನಿಗೆ, ಅವನಿಂದ ನಿರೀಕ್ಷಿಸುವುದೇನೆಂಬುದನ್ನೂ ಅದಕ್ಕಿರುವ ಅವಧಿಯನ್ನೂ ಸ್ಪಷ್ಟವಾಗಿ ಹೇಳಬೇಕು. ಅವನ ಪಾಲಿನ ಹೊರೆಯನ್ನು ಮಾತಿಲ್ಲದೆ ದುಡಿಯುವವರ ಹೆಗಲಿಗೆ ಏರಿಸುವುದು ದಯೆಯಲ್ಲ. ಅದು ಅವರಿಗೆ ಮಾಡುವ ಅನ್ಯಾಯ.

ದೂರುವವನ ವಿಷಯದಲ್ಲಿಯೂ ಹೀಗೆಯೇ. ಅವನನ್ನು ನಾಲ್ವರ ಮುಂದೆ ಗದರಿಸದೆ ಏಕಾಂತದಲ್ಲಿ ಕರೆದು ಪೂರ್ತಿ ಕೇಳಬೇಕು. ಹೇಳಿದುದರಲ್ಲಿ ನಿಜವಿದ್ದರೆ ಸರಿಪಡಿಸಬೇಕು. ಸರಿಪಡಿಸಲಾಗದಿದ್ದರೆ ಏಕೆ ಆಗದೆಂಬುದನ್ನು ಮುಚ್ಚುಮರೆಯಿಲ್ಲದೆ ತಿಳಿಸಬೇಕು. ಅವನ ದೂರು ಜೊತೆಗಾರನ ಮೇಲಿದ್ದರೆ, ಆ ಜೊತೆಗಾರನ ಮಾತನ್ನೂ ಕೇಳದೆ ತೀರ್ಮಾನಿಸಬಾರದು. ಅವನ ಗೊಣಗಾಟದಿಂದ ಉಳಿದವರ ನೆಮ್ಮದಿ ಕೆಡುತ್ತಿದ್ದರೆ ಅದನ್ನೂ ಅವನಿಗೆ ನೇರವಾಗಿ, ಆದರೆ ಮರ್ಯಾದೆಯಿಂದ ಹೇಳಬೇಕು. ಎಷ್ಟೋ ವೇಳೆ ಎಲ್ಲರ ಮನಸ್ಸಿನಲ್ಲಿದ್ದು ಯಾರೂ ಆಡಲಾರದ ಮಾತನ್ನು ದೂರುವವನೊಬ್ಬನೇ ಆಡಿರುತ್ತಾನೆ. ಅವನ ಬಾಯಿ ಮುಚ್ಚಿಸಿದ ಮಾತ್ರಕ್ಕೆ ಲೋಪವು ಮುಚ್ಚಿಹೋಗುವುದಿಲ್ಲ. ಅದನ್ನು ತಿಳಿಯುವ ದಾರಿ ಮಾತ್ರ ಮುಚ್ಚಿಹೋಗುತ್ತದೆ.

ಹಾಥಾರ್ನ್ ಕಾರ್ಖಾನೆಯು 1980ರ ದಶಕದಲ್ಲಿ ಮುಚ್ಚಿಹೋಯಿತು. ಅಲ್ಲಿ ಎದ್ದ ಪ್ರಶ್ನೆಗಳು ಮಾತ್ರ ಮುಚ್ಚಿಹೋಗಿಲ್ಲ. ಹೊಲದಲ್ಲಿ, ಕಚೇರಿಯಲ್ಲಿ, ಆಸ್ಪತ್ರೆಯಲ್ಲಿ, ಶಾಲೆಯ ಆಟದ ತಂಡದಲ್ಲಿ, ಎಲ್ಲೆಲ್ಲಿ ಹಲವರು ಕೂಡಿ ದುಡಿಯುವರೋ ಅಲ್ಲೆಲ್ಲ ಹಿಂದೆ ಬೀಳುವ ಒಬ್ಬನೂ ದೂರು ಹೇಳುವ ಒಬ್ಬನೂ ಇದ್ದೇ ಇರುತ್ತಾರೆ. ಅವರಿಬ್ಬರನ್ನು ಹೊರಗೆ ಹಾಕಿ ತಂಡವನ್ನು ಕಟ್ಟುವುದು ಯಾರಿಗಾದರೂ ಸಾಧ್ಯ. ಅವರಿಬ್ಬರನ್ನೂ ಒಳಗಿಟ್ಟುಕೊಂಡು, ಅವರಿಗೂ ಉಳಿದವರಿಗೂ ಅನ್ಯಾಯವಾಗದಂತೆ ಕೆಲಸವನ್ನು ಸಾಗಿಸಬಲ್ಲವನೇ ನಿಜವಾದ ಮುಂದಾಳು.

ಅಭ್ಯಾಸ

1. ಫಿಲಡೆಲ್ಫಿಯದ ಗಿರಣಿಯ ಕಾರ್ಮಿಕರಲ್ಲಿ ಉತ್ಸಾಹ ಕುಂದಲು ಕಾರಣವೇನು? ಅದನ್ನು ಹೇಗೆ ನಿವಾರಿಸಲಾಯಿತು?
2. ರಿಲೇ ಜೋಡಿಸುವ ಕೋಣೆಯಲ್ಲಿ 1928ರ ಜನವರಿಯಲ್ಲಿ ನಡೆದ ಘಟನೆ ಏನು? ಅದನ್ನು ವಿಪರ್ಯಾಸವೆಂದು ಏಕೆ ಕರೆಯಲಾಗಿದೆ?
3. ದೂರುಗಳ ಮೂರು ಬಗೆಗಳನ್ನು ಪಾಠದಲ್ಲಿಲ್ಲದ ಉದಾಹರಣೆಗಳೊಡನೆ ವಿವರಿಸಿರಿ.
4. ತಂತಿ ಕಟ್ಟುವ ಗುಂಪಿನವರು ತಮ್ಮ ಶಕ್ತಿಗಿಂತ ಕಡಿಮೆ ಕೆಲಸ ಮಾಡುತ್ತಿದ್ದುದೇಕೆ?
5. 'ಪ್ರೀತಿಯ ಮಾತು ನ್ಯಾಯವಾದ ಕೂಲಿಗೆ ಬದಲಿಯಲ್ಲ.' ಈ ಮಾತನ್ನು ಸಂದರ್ಭದೊಡನೆ ಸ್ಪಷ್ಟಪಡಿಸಿರಿ.
6. ನಿಮ್ಮ ತರಗತಿಯ ತಂಡವೊಂದರಲ್ಲಿ ಒಬ್ಬನು ಕೆಲಸ ಮಾಡದೆ, ಇನ್ನೊಬ್ಬನು ಅವನ ಮೇಲೆ ಸದಾ ದೂರು ಹೇಳುತ್ತಿದ್ದರೆ, ತಂಡದ ನಾಯಕನು ಏನು ಮಾಡಬೇಕು? ಹತ್ತು ವಾಕ್ಯಗಳಲ್ಲಿ ಬರೆಯಿರಿ.